ಒಬ್ಬ ಪಿಚ್ಚರ್ ಮುಳುಗಿಸಿದ ವಾರ: ಫ್ಯಾಂಟಸಿ ಬೇಸ್‌ಬಾಲ್‌ನ ಲೆಕ್ಕ

[ಕಪ್ಪು ಪರದೆ. ಸ್ಟೇಡಿಯಂನ ಗದ್ದಲ ಮಾತ್ರ ಕೇಳಿಸುತ್ತಿದೆ.]

2012ರ ಏಪ್ರಿಲ್ 21, ಶನಿವಾರ. ಅಮೆರಿಕದ ಸಿಯಾಟಲ್. ಒಂಬತ್ತನೇ ಇನಿಂಗ್, ಎರಡು ಔಟ್ ಆಗಿದೆ. ಇನ್ನೊಂದೇ ಒಂದು ಔಟ್ ಬೇಕು. ಚೆಂಡು ಚಿಕಾಗೋ ವೈಟ್ ಸಾಕ್ಸ್ ಪಿಚ್ಚರ್, ಅಂದರೆ ಚೆಂಡು ಎಸೆಯುವವನು, ಫಿಲಿಪ್ ಹಂಬರ್ ಕೈಯಲ್ಲಿದೆ. ಎದುರಿಗೆ ಬ್ರೆಂಡನ್ ರಯಾನ್. ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಸ್ಟ್ರೈಕ್ ಬಿದ್ದರೆ ಔಟ್, ಇನ್ನೊಂದು ಬಾಲ್ ಬಿದ್ದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ.

ಹಂಬರ್ ಎಸೆದ. ರಯಾನ್ ಬ್ಯಾಟ್ ಬೀಸಲು ಹೋಗಿ ಅರ್ಧಕ್ಕೇ ತಡೆದ. ಅಂಪೈರ್ ಮಾತ್ರ ಬೀಸಿದ್ದು ಬೀಸಿದ್ದೇ ಎಂದರು, ಅಂದರೆ ಮೂರನೇ ಸ್ಟ್ರೈಕ್. ಚೆಂಡು ಕ್ಯಾಚರ್ ಕೈಗೆ ಸಿಗದೆ ಹಿಂದಕ್ಕೆ ಉರುಳಿತು. ಹಾಗಾದಾಗ ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು, ನಿಯಮವೇ ಇದೆ. ರಯಾನ್ ಓಡುವುದು ಬಿಟ್ಟು ಅಂಪೈರ್ ಜೊತೆ ವಾದಕ್ಕೆ ನಿಂತ. ಅಷ್ಟರಲ್ಲಿ ಕ್ಯಾಚರ್ ಚೆಂಡು ಹೆಕ್ಕಿ ಮೊದಲ ಬೇಸ್‌ಗೆ ಎಸೆದ. ಆಟ ಮುಗಿಯಿತು.

ಬಂದ 27 ಬ್ಯಾಟರ್‌ಗಳಲ್ಲಿ 27 ಜನವೂ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಇದಕ್ಕೆ ಪರ್ಫೆಕ್ಟ್ ಗೇಮ್ ಅಂತಾರೆ. ಮೇಜರ್ ಲೀಗ್‌ನ ಅಷ್ಟುದ್ದದ ಇತಿಹಾಸದಲ್ಲಿ ಅದು 21ನೆಯದು. ಹಂಬರ್ ಎಸೆದದ್ದು ಬರೀ 96 ಚೆಂಡು.

[ಪರದೆಯ ಮೇಲೆ ಕ್ಯಾಲೆಂಡರ್. ಶನಿವಾರದಿಂದ ಬೆರಳು ಗುರುವಾರಕ್ಕೆ ಜಾರುತ್ತದೆ.]

ಐದು ದಿನ ಬಿಟ್ಟು ಗುರುವಾರ, ಚಿಕಾಗೋದಲ್ಲಿ, ಬಾಸ್ಟನ್ ತಂಡದ ಎದುರು ಅದೇ ಹಂಬರ್ ಮತ್ತೆ ಎಸೆಯಲು ಬಂದ. 5 ಇನಿಂಗ್, 9 ರನ್. ಚಚ್ಚಿ ಹಾಕಿದರು.

ನಮಸ್ಕಾರ. ಇವತ್ತಿನ ವಿಷಯ ಫ್ಯಾಂಟಸಿ ಬೇಸ್‌ಬಾಲ್, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರು ಆಡಿದ್ದಕ್ಕೆ ಅಂಕ ಎಣಿಸುವ ಆಟ. ಅದರಲ್ಲೂ ವಾರದ ಪಂದ್ಯದಲ್ಲಿ ಅತಿ ಒಳ್ಳೆಯ ಆಟ ಯಾವುದು, ಅತಿ ಕೆಟ್ಟ ಆಟ ಯಾವುದು, ಅದನ್ನು ತೂಗುವುದು ಹೇಗೆ ಎನ್ನುವುದು. ಹಂಬರ್‌ನನ್ನು ಮೊದಲೇ ತಂದದ್ದು ಯಾಕೆಂದರೆ, ಫ್ಯಾಂಟಸಿಯಲ್ಲಿ ವಾರ ಎಂದರೆ ಸೋಮವಾರದಿಂದ ಭಾನುವಾರ. ಶನಿವಾರದ ಆಟ ಒಂದು ವಾರಕ್ಕೆ ಬಿತ್ತು, ಗುರುವಾರದ್ದು ಮುಂದಿನ ವಾರಕ್ಕೆ. ಶನಿವಾರದ ಆಟ ನೋಡಿ ಭಾನುವಾರ ಬೆಳಗ್ಗೆ ಹಂಬರ್‌ನನ್ನು ತಂಡಕ್ಕೆ ಎತ್ತಿಕೊಂಡವರ ಗತಿ ಊಹಿಸಿ. ಆ ಪರ್ಫೆಕ್ಟ್ ಗೇಮ್‌ನ ಒಂದು ಅಂಕವೂ ಅವರಿಗೆ ಸಿಗಲಿಲ್ಲ. ಗುರುವಾರದ ಏಟು ಮಾತ್ರ ಪೂರ್ತಿ ಸಿಕ್ಕಿತು.

ಡ್ರೀಮ್11 ಆಡಿದ್ದವರಿಗೆ ಅರ್ಧ ಪಾಠ ಆಗಲೇ ಬಂದಿದೆ. (ದುಡ್ಡು ಕಟ್ಟಿ ಆಡುವುದು 2025ರಲ್ಲಿ ನಿಂತಿತು, ಅದು ಬೇರೆ ಕಥೆ.) ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ, ಕೊಹ್ಲಿಯನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಲೀಗ್‌ನಲ್ಲಿ 10 ಅಥವಾ 12 ಜನ ಇರುತ್ತಾರೆ. ಮಾರ್ಚ್‌ನಲ್ಲಿ ಕೂತು ಸರದಿ ಪ್ರಕಾರ ಆಟಗಾರರನ್ನು ಹಂಚಿಕೊಳ್ಳುತ್ತಾರೆ. ಒಬ್ಬ ಆಟಗಾರ ಒಂದೇ ತಂಡಕ್ಕೆ. ಅವನು ಸೀಸನ್ ಪೂರ್ತಿ ನಿಮ್ಮವನು, ನೀವೇ ಕೈಬಿಡುವ ತನಕ. ಪ್ರತಿ ವಾರ ಲೀಗ್‌ನ ಇನ್ನೊಬ್ಬರ ಜೊತೆ ನಿಮ್ಮ ಪಂದ್ಯ.

ಈ ಆಟ ಹುಟ್ಟಿದ್ದು 1980ರಲ್ಲಿ. ಡೇನಿಯಲ್ ಓಕ್ರೆಂಟ್ ಎನ್ನುವ ಬರಹಗಾರ, ಸಂಪಾದಕರು ಸ್ನೇಹಿತರನ್ನು ಕೂಡಿಸಿಕೊಂಡು ಶುರು ಮಾಡಿದರು. ನ್ಯೂಯಾರ್ಕಿನಲ್ಲಿ ಅವರು ಸೇರುತ್ತಿದ್ದ ರೆಸ್ಟೋರೆಂಟ್ ಹೆಸರು ಲಾ ರೋಟಿಸ್ರಿ ಫ್ರಾನ್ಸೇಸ್. ಅದರಿಂದಲೇ ರೋಟಿಸ್ರಿ ಲೀಗ್ ಎನ್ನುವ ಹೆಸರು ಬಂತು. ಆಗ ವಾರದ ಪಂದ್ಯ ಇರಲಿಲ್ಲ. ಇಡೀ ಸೀಸನ್‌ನ ಅಂಕಿ ಅಂಶ ಕೂಡಿಸಿ ಕೊನೆಗೆ ಯಾರು ಮುಂದಿದ್ದಾರೆ ಎಂದು ನೋಡುತ್ತಿದ್ದರು. ತಾನೇ ಕಟ್ಟಿದ ಆ ಲೀಗನ್ನು ಓಕ್ರೆಂಟ್ ಒಮ್ಮೆಯೂ ಗೆಲ್ಲಲಿಲ್ಲ, ಪಾಪ.

ವಾರದ ಪಂದ್ಯ ಆಮೇಲೆ ಬಂದದ್ದು. ನನ್ನ ಪ್ರಕಾರ ಮಜಾ ಜಾಸ್ತಿ, ನ್ಯಾಯ ಕಮ್ಮಿ.

[ಗ್ರಾಫಿಕ್: 25 ಚುಕ್ಕಿಗಳು. ಏಳು ಹಸಿರು. ಆಮೇಲೆ ಒಂದು ಹಸಿರು ಆರಿಹೋಗುತ್ತದೆ.]

ಯಾಕೆ ನ್ಯಾಯ ಕಮ್ಮಿ? ಒಂದು ಬೇಸ್‌ಬಾಲ್ ತಂಡ ವಾರಕ್ಕೆ 6 ಅಥವಾ 7 ಆಟ ಆಡುತ್ತದೆ. ಒಬ್ಬ ಬ್ಯಾಟರ್‌ಗೆ ಸುಮಾರು 25 ಅವಕಾಶ ಅಂದುಕೊಳ್ಳಿ. 25ರಲ್ಲಿ 7 ಸಲ ಹಿಟ್ ಹೊಡೆದರೆ ಅವನ ಸರಾಸರಿ .280. ಒಳ್ಳೆಯ ಬ್ಯಾಟರ್. 6 ಸಲ ಹೊಡೆದರೆ .240. ಸಾಧಾರಣ. ಇಬ್ಬರ ನಡುವಿನ ಅಂತರ ಒಂದೇ ಒಂದು ಹಿಟ್. ಬ್ಯಾಟಿನ ತುದಿಗೆ ತಾಗಿ ಫೀಲ್ಡರ್‌ಗಳ ನಡುವೆ ಬಿದ್ದ ಒಂದು ಚೆಂಡು. ಸ್ಟಾರ್ ಯಾರು, ಸಾಧಾರಣ ಯಾರು ಎಂದು ಹೇಳಲು ಒಂದು ವಾರ ಸಾಲುವುದಿಲ್ಲ. ಆದರೂ ಭಾನುವಾರ ರಾತ್ರಿ ಒಬ್ಬರು ಗೆದ್ದಿರುತ್ತಾರೆ, ಒಬ್ಬರು ಸೋತಿರುತ್ತಾರೆ.

ಈಗ ಅತಿ ಒಳ್ಳೆಯ ಆಟಕ್ಕೆ ಬರೋಣ. ಇದರಲ್ಲಿ ವಾದವೇ ಬೇಡ ಅನ್ನಿಸುತ್ತದೆ.

[ದೃಶ್ಯ: ಮಯಾಮಿ. 2024ರ ಸೆಪ್ಟೆಂಬರ್ 19, ಗುರುವಾರ.]

ಶೋಹೆ ಒಟಾನಿ. ಲಾಸ್ ಏಂಜಲೀಸ್ ಡಾಡ್ಜರ್ಸ್. ಆರು ಸಲ ಬ್ಯಾಟ್ ಹಿಡಿದ, ಆರು ಸಲವೂ ಹಿಟ್. ಮೊದಲು ಡಬಲ್ (ಎರಡನೇ ಬೇಸ್ ತನಕ ಒಯ್ಯುವ ಹಿಟ್), ಆಮೇಲೆ ಸಿಂಗಲ್ (ಒಂದೇ ಬೇಸ್), ಮತ್ತೆ ಡಬಲ್. ಆ ಎರಡನೇ ಡಬಲ್‌ನಲ್ಲಿ ಆಸೆಪಟ್ಟು ಮೂರನೇ ಬೇಸ್‌ಗೂ ಓಡಿ ಅಲ್ಲಿ ಔಟಾದ. ಅದಾದ ಮೇಲೆ ಹೋಮ್ ರನ್, ಹೋಮ್ ರನ್, ಹೋಮ್ ರನ್. ಹೋಮ್ ರನ್ ಅಂದರೆ ನಾಲ್ಕೂ ಬೇಸ್ ಸುತ್ತಿಸುವ ಹೊಡೆತ. ಇದರ ನಡುವೆ ಎರಡು ಬೇಸ್ ಕದ್ದ, ಅಂದರೆ ಹೊಡೆತವಿಲ್ಲದೆಯೇ ಓಡಿ ಮುಂದಿನ ಬೇಸ್ ಸೇರಿದ. 10 ಆರ್‌ಬಿಐ. ಇದು ರಿಸರ್ವ್ ಬ್ಯಾಂಕ್ ಅಲ್ಲ. ತನ್ನ ಹೊಡೆತದಿಂದ ತಂಡಕ್ಕೆ ತಂದುಕೊಟ್ಟ ರನ್ ಲೆಕ್ಕ. ತಂಡ 20-4ರಲ್ಲಿ ಗೆದ್ದಿತು. ಒಂದೇ ಸೀಸನ್‌ನಲ್ಲಿ 50 ಹೋಮ್ ರನ್ ಮತ್ತು 50 ಕದ್ದ ಬೇಸ್, ಎರಡನ್ನೂ ದಾಟಿದ ಮೊದಲ ಆಟಗಾರ ಅವನು, ಅದೂ ಅವತ್ತೇ.

ಇದನ್ನು ಫ್ಯಾಂಟಸಿ ಅಂಕಕ್ಕೆ ಇಳಿಸೋಣ. ಲೀಗ್‌ನಿಂದ ಲೀಗ್‌ಗೆ ಪದ್ಧತಿ ಬೇರೆ. ನಾನು ಬಳಸುವುದು ಸುಲಭದ್ದು: ಪ್ರತಿ ಬೇಸ್‌ಗೆ 1, ಗಳಿಸಿದ ರನ್‌ಗೆ 1, ಆರ್‌ಬಿಐಗೆ 1, ಕದ್ದ ಬೇಸ್‌ಗೆ 1, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದರೆ 1 ಕಳೆಯಿರಿ.

[ಗ್ರಾಫಿಕ್: ಚೀಟಿಯ ಮೇಲೆ ಪೆನ್ಸಿಲ್ ಲೆಕ್ಕ.]

ಮೂರು ಹೋಮ್ ರನ್ ಅಂದರೆ 12 ಬೇಸ್. ಎರಡು ಡಬಲ್, 4. ಒಂದು ಸಿಂಗಲ್, 1. ಅಲ್ಲಿಗೆ 17. ಗಳಿಸಿದ ರನ್ 4, ಆರ್‌ಬಿಐ 10, ಕದ್ದದ್ದು 2. ಒಟ್ಟು 33. ಒಬ್ಬ ಬ್ಯಾಟರ್ ಇಡೀ ವಾರದಲ್ಲಿ 25 ತಂದರೆ ನಾವು ಖುಷಿಪಡುತ್ತೇವೆ. ಇದು ಒಂದೇ ಆಟದಲ್ಲಿ 33.

ಒಂದು ತಮಾಷೆ ಗಮನಿಸಿ. ಆ ಮೂರನೇ ಹೋಮ್ ರನ್ ಹೊಡೆದದ್ದು ನಿಜವಾದ ಪಿಚ್ಚರ್‌ಗೇ ಅಲ್ಲ. ಆಟ ಕೈತಪ್ಪಿದ ಮೇಲೆ ಮಯಾಮಿಯವರು ಪಿಚ್ಚರ್‌ಗಳನ್ನು ಉಳಿಸಿಕೊಳ್ಳೋಣ ಎಂದು ಒಬ್ಬ ಫೀಲ್ಡರ್ ಕೈಗೆ ಚೆಂಡು ಕೊಟ್ಟಿದ್ದರು. ನಮ್ಮಲ್ಲಿ ಡ್ರಾ ಆಗುವ ಟೆಸ್ಟ್‌ನ ಕೊನೆಗೆ ವಿಕೆಟ್ ಕೀಪರ್ ಬೌಲಿಂಗ್ ಮಾಡಿದ ಹಾಗೆ. ಫ್ಯಾಂಟಸಿಗೆ ಇದೆಲ್ಲ ಕಾಣುವುದಿಲ್ಲ. ಹೋಮ್ ರನ್ ಅಂದರೆ ಹೋಮ್ ರನ್.

ಆ ವಾರ ಒಟಾನಿ ಒಟ್ಟು 6 ಹೋಮ್ ರನ್ ಹೊಡೆದ, 7 ಬೇಸ್ ಕದ್ದ. ತುಂಬಾ ಲೀಗ್‌ಗಳಲ್ಲಿ ಸೆಪ್ಟೆಂಬರ್ ಕೊನೆ ಎಂದರೆ ಫೈನಲ್ ಹೊತ್ತು. ಎದುರಾಳಿ ತಂಡದಲ್ಲಿ ಒಟಾನಿ ಇದ್ದವರು ಶುಕ್ರವಾರ ಆ್ಯಪ್ ತೆರೆಯಲೇ ಇಲ್ಲವೇನೋ.

ಆದರೆ ಇದು ಅಂಕದ ಲೀಗ್‌ನ ಮಾತು. ಇನ್ನೊಂದು ಬಗೆ ಇದೆ, ಕೆಟಗರಿ ಲೀಗ್. ಬ್ಯಾಟಿಂಗ್‌ಗೆ ಐದು ವಿಭಾಗ: ಸರಾಸರಿ, ಹೋಮ್ ರನ್, ರನ್, ಆರ್‌ಬಿಐ, ಕದ್ದ ಬೇಸ್. ಪಿಚಿಂಗ್‌ಗೆ ಐದು: ಗೆಲುವು, ಸೇವ್ (ಕೊನೆಗೆ ಬಂದು ತಂಡದ ಗೆಲುವು ಕಾಪಾಡಿದ್ದು), ಸ್ಟ್ರೈಕ್‌ಔಟ್, ಇಆರ್‌ಎ, ವಿಪ್. ಕೊನೆಯ ಎರಡರ ಅರ್ಥ ಮುಂದೆ ಹೇಳುತ್ತೇನೆ. ಪ್ರತಿ ವಿಭಾಗದಲ್ಲಿ ಯಾರು ಮುಂದೋ ಅವರಿಗೆ ಒಂದು. ಇಲ್ಲಿ ಹೋಮ್ ರನ್ ವಿಭಾಗವನ್ನು ನೀವು 14-13ರಲ್ಲಿ ಗೆದ್ದರೂ ಒಂದೇ, 20-5ರಲ್ಲಿ ಗೆದ್ದರೂ ಒಂದೇ. ಹೆಚ್ಚಿಗೆ ಹೊಡೆದದ್ದು ಪಾತ್ರೆ ತುಂಬಿದ ಮೇಲೆ ಸುರಿದ ನೀರು. ಒಟಾನಿ ಇಲ್ಲೂ ಬೆಲೆಬಾಳುವುದು ಯಾಕೆಂದರೆ ಅವನ ಹೋಮ್ ರನ್ ಒಂದು ವಿಭಾಗ ತುಂಬಿಸುತ್ತದೆ, ಕಾಲು ಇನ್ನೊಂದನ್ನು. ಹೋಮ್ ರನ್ ಹೊಡೆಯುವ ದಾಂಡಿಗರು ಸಾಮಾನ್ಯವಾಗಿ ಬೇಸ್ ಕದಿಯುವುದಿಲ್ಲ.

ಸರಿ, ಅತಿ ಕೆಟ್ಟ ಆಟ?

ಮೊದಲು ನೆನಪಾಗುವುದು ಕ್ರಿಸ್ ಡೇವಿಸ್. ಬಾಲ್ಟಿಮೋರ್ ಓರಿಯೋಲ್ಸ್. 2013ರಲ್ಲಿ 53 ಹೋಮ್ ರನ್ ಹೊಡೆದಿದ್ದ. 2018ರ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್ 13ರವರೆಗೆ ಸತತ 54 ಅವಕಾಶದಲ್ಲಿ ಒಂದೂ ಹಿಟ್ ಇಲ್ಲ. ಪಿಚ್ಚರ್ ಅಲ್ಲದವರಲ್ಲಿ ದಾಖಲೆ. ನೋಡಲು ಸಂಕಟವಾಗುತ್ತಿತ್ತು. ಆದರೆ ಫ್ಯಾಂಟಸಿ ದೃಷ್ಟಿಯಿಂದ ಡೇವಿಸ್ ಅಷ್ಟು ಅಪಾಯಕಾರಿ ಅಲ್ಲ. ಬ್ಯಾಟರ್ ಸೊನ್ನೆ ಸುತ್ತಿದರೆ ನಿಮಗೆ ಏನೂ ಬರುವುದಿಲ್ಲ. ಸರಾಸರಿ ಸ್ವಲ್ಪ ಇಳಿಯುತ್ತದೆ, ಸ್ಟ್ರೈಕ್‌ಔಟ್‌ಗೆ ನಾಲ್ಕೈದು ಅಂಕ ಹೋಗುತ್ತದೆ. ಬೇರೆಯವರು ತಂದದ್ದನ್ನು ಅವನು ದೋಚಿಕೊಂಡು ಹೋಗಲಾರ.

ಆ ಕೆಲಸ ಮಾಡಬಲ್ಲವನು ಪಿಚ್ಚರ್.

[ದೃಶ್ಯ: ಕ್ಯಾನ್ಸಸ್ ಸಿಟಿ. 2016ರ ಜೂನ್ 24.]

ಎಡಿನ್ಸನ್ ವೋಲ್ಕೆಜ್. ಹಿಂದಿನ ವರ್ಷ ವರ್ಲ್ಡ್ ಸೀರೀಸ್ ಗೆದ್ದ ತಂಡದ ಪಿಚ್ಚರ್. ಎದುರಾಳಿ ಹ್ಯೂಸ್ಟನ್. ಒಂದು ಇನಿಂಗ್ ಮುಗಿಸಿದ, ಎರಡನೆಯದರಲ್ಲಿ ಒಬ್ಬನನ್ನೂ ಔಟ್ ಮಾಡಲಾಗದೆ ಹೊರನಡೆದ. 8 ಹಿಟ್, 3 ವಾಕ್ (ನಾಲ್ಕು ಬಾಲ್ ಎಸೆದು ಬಿಟ್ಟುಕೊಟ್ಟ ಪುಕ್ಕಟೆ ಬೇಸ್), 12 ರನ್. ಅದರಲ್ಲಿ 11 ಅವನ ತಲೆಗೇ ಕಟ್ಟಿದ್ದು. ಒಂದು ಫೀಲ್ಡಿಂಗ್ ತಪ್ಪಿನ ಲೆಕ್ಕಕ್ಕೆ ಹೋಯಿತು. ಇಆರ್‌ಎ ಅಂದರೆ ಒಂಬತ್ತು ಇನಿಂಗ್‌ಗೆ ಸರಾಸರಿ ಇಂಥ ತಲೆಗೆ ಕಟ್ಟಿದ ರನ್ ಎಷ್ಟು ಬಿಟ್ಟ ಎನ್ನುವುದು. 4ರ ಒಳಗಿದ್ದರೆ ಪರವಾಗಿಲ್ಲ. ಆ ಆಟದಲ್ಲಿ ವೋಲ್ಕೆಜ್ ಇಆರ್‌ಎ 99.

ಅಂಕ ಹಾಕೋಣ. ಪಿಚ್ಚರ್‌ಗೆ ಪ್ರತಿ ಔಟ್‌ಗೆ 1. ಹಿಟ್‌ಗೆ, ವಾಕ್‌ಗೆ ಮೈನಸ್ 1. ತಲೆಗೆ ಕಟ್ಟಿದ ರನ್‌ಗೆ ಮೈನಸ್ 2, ಸೋಲಿಗೆ ಮೈನಸ್ 2. ಮೂರು ಔಟ್‌ಗೆ 3 ಬಂತು. ಹಿಟ್‌ಗೆ 8, ವಾಕ್‌ಗೆ 3, ರನ್‌ಗೆ 22, ಸೋಲಿಗೆ 2 ಹೋಯಿತು. ಒಟ್ಟು ಮೈನಸ್ 32.

ಈಗ ಒಂದು ಕ್ಷಣ ಕಲ್ಪಿಸಿಕೊಳ್ಳಿ. ಮಯಾಮಿಯ ಆ ಒಟಾನಿ, ಕ್ಯಾನ್ಸಸ್ ಸಿಟಿಯ ಈ ವೋಲ್ಕೆಜ್, ಇಬ್ಬರೂ ಒಂದೇ ವಾರ ನಿಮ್ಮ ತಂಡದಲ್ಲಿದ್ದಾರೆ. ಪ್ಲಸ್ 33, ಮೈನಸ್ 32. ನಿಮ್ಮ ಕೈಗೆ ಉಳಿಯುವುದು ಒಂದು ಅಂಕ. ಜೀವನದಲ್ಲಿ ಒಮ್ಮೆ ನೋಡಸಿಗುವ ಆಟವನ್ನು ಒಬ್ಬ ಪಿಚ್ಚರ್ ಅರ್ಧ ಗಂಟೆಯಲ್ಲಿ ತೊಳೆದು ಹಾಕಬಲ್ಲ. ಟಿ20ಯಲ್ಲಿ ಬೌಲರ್ ಎಷ್ಟೇ ಹೊಡೆಸಿಕೊಂಡರೂ ನಾಲ್ಕು ಓವರ್‌ಗೆ ಬಚಾವ್. ಬೇಸ್‌ಬಾಲ್‌ನಲ್ಲಿ ಮೂರು ಔಟ್ ಬೀಳುವ ತನಕ ಇನಿಂಗ್ ಮುಗಿಯುವುದೇ ಇಲ್ಲ.

ಕೆಟಗರಿ ಲೀಗ್‌ನಲ್ಲಿ ಇನ್ನೂ ಕಷ್ಟ. ನಿಮ್ಮ ಪಿಚ್ಚರ್‌ಗಳೆಲ್ಲ ಸೇರಿ 50 ಇನಿಂಗ್‌ನಲ್ಲಿ 14 ರನ್ ಬಿಟ್ಟಿದ್ದಾರೆ ಅಂದುಕೊಳ್ಳಿ. ಇಆರ್‌ಎ 2.52. ವಾರ ಗೆಲ್ಲುವಂಥ ಸಂಖ್ಯೆ. ಅದಕ್ಕೆ 5 ಇನಿಂಗ್, 9 ರನ್ ಸೇರಿಸಿ, ಹಂಬರ್‌ನ ಗುರುವಾರದ ಹಾಗೆ. 55 ಇನಿಂಗ್, 23 ರನ್. ಇಆರ್‌ಎ 3.76. ಐದಾರು ಜನ ಆರು ದಿನ ಕಟ್ಟಿದ್ದು ಒಂದು ಸಂಜೆಗೆ ಹೋಯಿತು. ವಿಪ್ ಕೂಡ ಜೊತೆಗೇ ಹೋಗುತ್ತದೆ, ಯಾಕೆಂದರೆ ಅದು ಪ್ರತಿ ಇನಿಂಗ್‌ಗೆ ಬಿಟ್ಟ ಹಿಟ್ ಮತ್ತು ವಾಕ್ ಲೆಕ್ಕ. ಅದನ್ನು ಹುಟ್ಟಿಸಿದ್ದೂ ಅದೇ ಓಕ್ರೆಂಟ್.

ಗೆಲುವು ಎನ್ನುವ ವಿಭಾಗದ ಬಗ್ಗೆ ನನಗೆ ಮೊದಲಿಂದ ಸಿಟ್ಟು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70. ಆ ವರ್ಷದ ಶ್ರೇಷ್ಠ ಪಿಚ್ಚರ್ ಪ್ರಶಸ್ತಿ ಅವನಿಗೇ. ಗೆಲುವು ಎಷ್ಟು? ಬರೀ 10, ಸೋಲು 9. ಅವನ ತಂಡದವರು ರನ್ ಹೊಡೆಯಲಿಲ್ಲ, ಅದಕ್ಕೆ ಅವನು ಏನು ಮಾಡಬೇಕು?

[ದೃಶ್ಯ: ಖಾಲಿ ಬೆಂಚ್.]

ಇನ್ನೊಂದು ಜಾಗ ಇದೆ, ಅಲ್ಲಿ ಅತಿ ಒಳ್ಳೆಯ ಆಟವೇ ಅತಿ ಕೆಟ್ಟ ಸುದ್ದಿ. ಬೆಂಚ್. ನೀವು ಕೂರಿಸಿದ ಆಟಗಾರ ಏನು ಮಾಡಿದರೂ ಅಂಕ ಇಲ್ಲ.

2017ರ ಜೂನ್ 6, ಮಂಗಳವಾರ. ಸಿನ್ಸಿನಾಟಿ ರೆಡ್ಸ್‌ನ ಸ್ಕೂಟರ್ ಜೆನೆಟ್. ಹೆಸರೇ ಸ್ಕೂಟರ್. ಅವನ ಹಳೆಯ ತಂಡ ಮಾರ್ಚ್‌ನಲ್ಲಿ ಕೈಬಿಟ್ಟಿತ್ತು, ರೆಡ್ಸ್ ಪುಕ್ಕಟೆಯಂತೆ ಎತ್ತಿಕೊಂಡಿತ್ತು. ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಅವನ ಹೋಮ್ ರನ್ 3. ಅವತ್ತು ಒಂದೇ ರಾತ್ರಿ 4 ಹೊಡೆದ, 10 ಆರ್‌ಬಿಐ. ಇಂಥವನನ್ನು ತಂಡದಲ್ಲಿ ಇಟ್ಟುಕೊಂಡವರೇ ಕಮ್ಮಿ, ಇಟ್ಟುಕೊಂಡವರಲ್ಲೂ ಎಷ್ಟು ಜನ ಅವತ್ತು ಬೆಂಚಿನಿಂದ ಎಬ್ಬಿಸಿದ್ದರೋ. ಒಳ್ಳೆಯ ಸಂಗತಿ ಏನೆಂದರೆ, ಅದು ಒಂದು ರಾತ್ರಿಯ ಮಿಂಚಾಗಲಿಲ್ಲ. ಸೀಸನ್ ಮುಗಿಯುವಾಗ ಅವನ ಹೋಮ್ ರನ್ 27. ಬುಧವಾರ ಬೆಳಗ್ಗೆ ಎತ್ತಿಕೊಂಡವರು ಲಾಭ ಮಾಡಿಕೊಂಡರು.

ಹಂಬರ್‌ನ ವಿಷಯದಲ್ಲಿ ಇದು ಉಲ್ಟಾ ಆಯಿತು, ಅವನ ಆ ವರ್ಷದ ಇಆರ್‌ಎ 6.44. ಹಾಗಾದರೆ ಮೊದಲೇ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ನಾನು ನೋಡುವುದು ಇಷ್ಟು. ಬ್ಯಾಟರ್ ಆದರೆ ಧೈರ್ಯವಾಗಿ ಎತ್ತಿಕೊಳ್ಳುತ್ತೇನೆ. ಕೆಟ್ಟರೂ ಒಂದು ಸೊನ್ನೆ. ಪಿಚ್ಚರ್ ಆದರೆ ಮುಂದಿನ ಆಟ ಯಾರ ಎದುರು, ಎಲ್ಲಿ ಎಂದು ನೋಡದೆ ಕೈಹಾಕುವುದಿಲ್ಲ. ಡೆನ್ವರ್ ಆದರೆ ಸುತಾರಾಂ ಬೇಡ. ಅದು ಸಮುದ್ರ ಮಟ್ಟದಿಂದ 1,600 ಮೀಟರ್ ಎತ್ತರದ ಊರು. ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಪಿಚ್ಚರ್ ಎಸೆದದ್ದು ತಿರುಗುವುದೂ ಕಮ್ಮಿ.

[ದೃಶ್ಯ: ಮೊಬೈಲ್ ಪರದೆ. ಭಾನುವಾರ. ಎರಡು ತಂಡದ ಹೆಸರು, ನಡುವೆ ಅಂಕ.]

ಕೊನೆಯದಾಗಿ ಭಾನುವಾರದ ಪ್ರಶ್ನೆ. ಕೆಟಗರಿ ಲೀಗ್. ನೀವು 5-4ರಲ್ಲಿ ಮುಂದಿದ್ದೀರಿ, ಒಂದು ವಿಭಾಗ ಸಮ. ಇಆರ್‌ಎಯಲ್ಲಿ ಕೂದಲೆಳೆ ಅಂತರ ನಿಮ್ಮ ಕಡೆ. ಇವತ್ತು ನಿಮ್ಮ ಒಬ್ಬ ಪಿಚ್ಚರ್ ಎಸೆಯಬೇಕು, ಒಳ್ಳೆಯವನೇ. ಆಡಿಸುತ್ತೀರಾ, ಕೂರಿಸುತ್ತೀರಾ? ಲೀಗ್‌ನ ಕನಿಷ್ಠ ಇನಿಂಗ್ ನಿಯಮ ಮುಗಿದಿದ್ದರೆ ನಾನು ಕೂರಿಸುತ್ತೇನೆ. ಹೇಡಿ ಅಂತಾರೆ ನಮ್ಮ ಲೀಗ್‌ನವರು, ಅನ್ನಲಿ.

ಕಳೆದ ಸಲ ಹಾಗೆ ಕೂರಿಸಿದವನು ಏಳು ಇನಿಂಗ್ ಎಸೆದು ಒಂದು ರನ್ನೂ ಬಿಡಲಿಲ್ಲ. ಬೆಂಚ್ ಮೇಲಿದ್ದ ಆ ಸಂಖ್ಯೆಗಳನ್ನು ನೋಡುತ್ತಾ ನೋಡುತ್ತಾ ನಾನು 5-4ರಲ್ಲಿ ವಾರ ಗೆದ್ದೆ.