ಬರೆಯುವ ಕೈ, ಮೈಕಿನ ಮುಂದಿನ ಬಾಯಿ

ಗೆಳೆಯರೇ, ಪತ್ರಿಕೆಯಿಂದ ರೇಡಿಯೊಗೆ ಹೋಗುವ ದಾರಿ ಹಳೆಯದು. ಬೆರಿ ಸರ್ಬಾಧಿಕಾರಿ ಪತ್ರಿಕೆಗೆ ಬರೆಯುತ್ತಲೇ ಆಕಾಶವಾಣಿಯಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೊಟ್ಟವರು. ನಮ್ಮ ಧಾರವಾಡ ನಿಲಯವೂ 1950ರಿಂದ ಇದೆ. ಆದರೆ ಕ್ರೀಡಾಪುಟದಲ್ಲಿ ಪಳಗಿದವರಿಗೆ ಮೈಕಿನ ಮುಂದೆ ಮೊದಲು ಕೈಕೊಡುವುದು ಕನ್ನಡ ವಾಕ್ಯವೇ.

ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಆಫ್‌ಸ್ಟಂಪಿನ ಹೊರಗಿನ ಚೆಂಡನ್ನು ಕೆಣಕಲು ಹೋಗಿ ಎರಡನೇ ಸ್ಲಿಪ್‌ನಲ್ಲಿ ಕ್ಯಾಚಿತ್ತು ಔಟಾದರು’ ಎಂಬುದು ಅಚ್ಚಿನಲ್ಲಿ ಚೆಂದ. ರೇಡಿಯೊದಲ್ಲಿ ‘ಕೆಣಕಲು’ ಅನ್ನುವಷ್ಟರಲ್ಲೇ ಮೈದಾನದ ಕೂಗು ಎದ್ದಿರುತ್ತದೆ. ಏನಾಯಿತೆಂದು ತಿಳಿಯದೆ ಕೇಳುಗ ಒದ್ದಾಡುತ್ತಾನೆ. ವಾಕ್ಯ ಒಡೆಯಿರಿ: ‘ಎಡ್ಜ್. ಸ್ಲಿಪ್‌ಗೆ ಹೋಯ್ತು. ಹಿಡಿದರು! ಔಟ್.’ ಆಮೇಲೆ ಎರಡು ಸೆಕೆಂಡು ಬಾಯಿ ಮುಚ್ಚಿ ಕೂಗನ್ನು ಕೇಳಿಸಿ. ಚೆಂಡು ಎಲ್ಲಿ ಬಿತ್ತು, ಕಾಲು ಎಲ್ಲಿತ್ತು ಎಂಬುದನ್ನೆಲ್ಲ ಹೊಸ ಬ್ಯಾಟರ್ ನಡೆದು ಬರುವಾಗ ಹೇಳಬಹುದು.

ಅಂಕಿಗಳ ಪಾಡು ಬೇರೆ. ಗದಗಿನ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದೆದುರು ಮಾಡಿದ ಬೌಲಿಂಗ್ ಕಾಗದದ ಮೇಲೆ 10-6-6-5. ಕಣ್ಣಿಗೆ ಒಂದು ನೋಟ ಸಾಕು. ‘ಹತ್ತು, ಆರು, ಆರು, ಐದು’ ಎಂದು ಓದಿದರೆ ಮಾತ್ರ ಫೋನ್ ನಂಬರ್ ಹೇಳಿದಂತಾಗುತ್ತದೆ. ‘ಹತ್ತು ಓವರ್, ಆರು ಮೇಡನ್. ಕೊಟ್ಟದ್ದು ಆರೇ ರನ್, ಕಿತ್ತದ್ದು ಐದು ವಿಕೆಟ್’ ಎನ್ನಿ; ಒತ್ತು ‘ಆರೇ’ ಮೇಲೆ ಬೀಳಲಿ. ಎಪ್ಪತ್ತು, ಎಂಬತ್ತು ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ‘ಎಂಬತ್ತೆರಡು, ನೂರಕ್ಕೆ ಇನ್ನು ಹದಿನೆಂಟು’ ಎಂದರೆ ಗೊಂದಲವಿಲ್ಲ.

ಅಮೆರಿಕದ ಬೇಸ್‌ಬಾಲ್ ವಿವರಣೆಕಾರ ರೆಡ್ ಬಾರ್ಬರ್ ಎದುರಿಗೆ ಮೂರು ನಿಮಿಷದ ಮರಳುಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗೆಲ್ಲ ಸ್ಕೋರ್ ಹೇಳುವುದು, ಗಡಿಯಾರ ತಿರುವುವುದು. ಹೊಲದಿಂದ ಈಗಷ್ಟೇ ಬಂದು ರೇಡಿಯೊ ಹಚ್ಚಿದವರಿಗೆ ಮೊದಲು ಬೇಕಾದದ್ದು ಅದೇ.

ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು ಮಾತ್ರ. ಯಾರು ಹೋದರು, ಯಾರನ್ನು ಮುಟ್ಟಿದರು, ಗೆರೆ ದಾಟಿ ಬಂದರೋ ಇಲ್ಲವೋ, ಇಷ್ಟು ಹೇಳಿದರೆ ಗೆದ್ದಂತೆ. ರೈಡರ್‌ಗೆ ಎಡಬದಿಯಾದದ್ದು ಎದುರು ನಿಂತು ಹಿಡಿಯುವವರಿಗೆ ಬಲಬದಿ. ಯಾರ ಎಡ ಎಂದು ಆರಂಭದಲ್ಲೇ ಹೇಳಿ, ಕೊನೆವರೆಗೆ ಅದನ್ನೇ ಪಾಲಿಸಿ.

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಇಟ್ಟರೆ ಪ, ಫ, ಭ ಗಾಳಿ ಬಡಿಯುತ್ತದೆ. ನಮ್ಮ ಕಡೆಯ ತಂಡಗಳಲ್ಲಿ ಪಾಟೀಲರಿಗೇನು ಕೊರತೆ, ಪ್ರತಿ ಸಲವೂ ಗುಂಡು ಹಾರಿದಂತೆ ಕೇಳುತ್ತದೆ! ಹಾಳೆಯ ಒಂದೇ ಬದಿಗೆ ಬರೆಯಿರಿ, ಪಿನ್ನು ಬೇಡ. ಓದಿದ ಹಾಳೆಯನ್ನು ಮಗುಚದೆ ಪಕ್ಕಕ್ಕೆ ಜಾರಿಸಿ. ಒಂದು ವಾಕ್ಯ ಎರಡು ಹಾಳೆಗೆ ಹರಿಯಬಾರದು.

ಸ್ಟುಡಿಯೊ ವರದಿಗೆ ನಿಮಿಷಕ್ಕೆ ಸುಮಾರು ನೂರು ಪದ ಹಿಡಿಯಿರಿ. ಹೆಚ್ಚಾದರೆ ಓಟ ಹೆಚ್ಚಿಸಬೇಡಿ, ಕತ್ತರಿಸಿ. ಪತ್ರಿಕೆಯವರ ಕತ್ತರಿ ಅಭ್ಯಾಸಬಲದಿಂದ ಕೊನೆಯ ಪ್ಯಾರಾಕ್ಕೇ ಹೋಗುತ್ತದೆ. ರೇಡಿಯೊದಲ್ಲಿ ಕೊನೆಗೆ ಫಲಿತಾಂಶವನ್ನು ಮತ್ತೊಮ್ಮೆ ಹೇಳಲೇಬೇಕು. ಅದಕ್ಕೇ ಕತ್ತರಿ ನಡುವೆ ಆಡಲಿ.