ನಟ್ಟು ಬಿಗಿಯುವಾಗ ಹೋದ ಚಿತ್ರ: ಬೋರ್ಡಿನ ಮೇಲೆ ಬೆಳಕು ಕೂರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದು ಕೂತಿದ್ದೀರಿ, ನಿದ್ದೆ ಬರುವ ಹೊತ್ತು. ಅದಕ್ಕೇ ಲೆಕ್ಕ ಆಮೇಲೆ ನೋಡೋಣ, ಮೊದಲು ನಮ್ಮ ಮನೆಯ ಒಂದು ಕಥೆ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನಾವು ಮೈಸೂರಿನ ಸರಸ್ವತಿಪುರಂನಲ್ಲಿದ್ದೆವು. ಮನೆಗೆ ಹೊಸ ಟಿವಿ ಬಂತು. ತಾರಸಿ ಮೇಲೆ ಅಪ್ಪ, ಕೈಯಲ್ಲಿ ಆಂಟೆನಾ ಕಂಬ. ಟಿವಿ ಮುಂದೆ ಅಮ್ಮ. ಮಧ್ಯೆ ಕಿಟಕಿ ಹತ್ತಿರ ನಾನು, ಕೂಗಿ ಹೇಳುವ ಕೆಲಸಕ್ಕೆ. ಅಪ್ಪ ಮೆಲ್ಲಗೆ ತಿರುಗಿಸುತ್ತಿದ್ದರು. ಅಮ್ಮ ಒಳಗಿಂದ, ‘ಬಂತು, ಬಂತು... ಅಯ್ಯೋ ಹೋಯ್ತು ರೀ, ಸ್ವಲ್ಪ ಹಿಂದಕ್ಕೆ!’ ಅಂತಿದ್ದರು. ಚಿತ್ರ ಚೆನ್ನಾಗಿ ಬಂದ ಮೇಲೆ ಅಪ್ಪ ಸ್ಪ್ಯಾನರ್ ತೆಗೆದುಕೊಂಡು ನಟ್ಟು ಬಿಗಿ ಮಾಡುತ್ತಿದ್ದರು. ಮಾಡಿದ ಕೂಡಲೇ ಚಿತ್ರ ಮಾಯ. ಬಿಗಿ ಮಾಡುವಾಗ ಕಂಬ ಕೂದಲೆಳೆಯಷ್ಟು ತಿರುಗಿರುತ್ತಿತ್ತು.

ನಾಲ್ಕೈದು ಸಲ ಹೀಗಾದ ಮೇಲೆ ಅಪ್ಪ ಒಂದು ಉಪಾಯ ಕಲಿತರು. ಚಿತ್ರ ಸರಿ ಬಂದ ಜಾಗದಿಂದ ಬೇಕೆಂದೇ ಸ್ವಲ್ಪ ಆಚೆಗೆ ತಿರುಗಿಸಿ, ಆಮೇಲೆ ಬಿಗಿ ಮಾಡುವುದು. ಬಿಗಿಯುವಾಗ ಕಂಬ ತಾನೇ ಸರಿ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

ಮುಂದೆ ನಾನು ಇದೇ ಕೆಲಸಕ್ಕೆ ಸಂಬಳ ತೆಗೆದುಕೊಂಡೆ. ಲೇಸರ್ ಬೆಳಕು ಫೈಬರಿನ ಗಾಜಿನ ಎಳೆಯೊಳಗೆ ಸರಿಯಾಗಿ ಬೀಳುವ ಹಾಗೆ ಲೆನ್ಸ್ ಕೂರಿಸುವ ಕೆಲಸ. ಆಂಟೆನಾ ಬದಲು ಲೆನ್ಸ್, ನಟ್ಟಿನ ಬದಲು ಅಂಟು. ಸರಿಯಾದ ಜಾಗ ಹುಡುಕುವುದೇ ಕಷ್ಟ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದನ್ನು ಯಂತ್ರ ಹುಡುಕಿಕೊಡುತ್ತದೆ. ಸಿಕ್ಕ ಜಾಗದಲ್ಲೇ ಅದು ನಾಳೆಯೂ, ಮುಂದಿನ ಬೇಸಿಗೆಯಲ್ಲೂ ಇರುವ ಹಾಗೆ ಮಾಡುವುದರಲ್ಲೇ ಕೂದಲು ಬೆಳ್ಳಗಾಗುವುದು. ನನ್ನ ತಲೆ ನೋಡಿದರೆ ಗೊತ್ತಾಗುತ್ತದಲ್ವಾ?

ಎಷ್ಟು ಸಣ್ಣ ಅಳತೆಯ ಮಾತು ಇದು ಅಂತ ಹೇಳಿಬಿಡುತ್ತೇನೆ. ನಿಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ, ಗೋಡೆ ಮೇಲಿನ ಆ ಬಿಳಿ ಡಬ್ಬಿಯೊಳಗೆ ಒಂದು ಸರ್ಕ್ಯೂಟ್ ಬೋರ್ಡ್ ಇದೆ. ಅದರ ಅಂಚಿನಲ್ಲಿ ಹೆಬ್ಬೆಟ್ಟಿಗಿಂತ ಚಿಕ್ಕದಾದ ಒಂದು ಲೋಹದ ತುಂಡು. ಅದರೊಳಗೆ ಲೇಸರ್ ಇದೆ, ಬೆಳಕು ಹಿಡಿಯುವ ಫೋಟೋಡಯೋಡ್ ಇದೆ. ಮನೆಯಿಂದ ಹೊರಗೆ ಹೋಗುವ ಬೆಳಕಿನ ಅಲೆಯ ಉದ್ದ ಸಾಮಾನ್ಯವಾಗಿ 1310 ನ್ಯಾನೊಮೀಟರ್, ಒಳಗೆ ಬರುವುದರದು 1490. ಎರಡೂ ಕಣ್ಣಿಗೆ ಕಾಣುವುದಿಲ್ಲ. ಹೋಗುವುದು, ಬರುವುದು ಎರಡೂ ಒಂದೇ ಎಳೆಯಲ್ಲಿ. ಆ ಗಾಜಿನ ಎಳೆ 125 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಳ್ಳಿ. ಆದರೆ ಬೆಳಕು ಎಳೆಯ ಪೂರ್ತಿ ಅಗಲದಲ್ಲಿ ಹೋಗುವುದಿಲ್ಲ. ನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ ಮಾತ್ರ ಹೋಗುತ್ತದೆ.

ಇಂಥ ಎರಡು ಎಳೆಗಳನ್ನು ಮುಖಾಮುಖಿ ಇಟ್ಟು, ಒಂದನ್ನು ಪಕ್ಕಕ್ಕೆ 1 ಮೈಕ್ರಾನ್ ಸರಿಸಿ. ನೂರರಲ್ಲಿ 5 ಪಾಲು ಬೆಳಕು ನಷ್ಟ. 2 ಮೈಕ್ರಾನ್ ಸರಿಸಿದರೆ 17 ಪಾಲು. 4 ಮೈಕ್ರಾನ್‌ಗೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ನಷ್ಟ ಒಂದೇ ಸಮ ಏರುವುದಿಲ್ಲ. ಮೊದಲು ಸುಮ್ನೆ ಇದ್ದು, ಆಮೇಲೆ ಒಮ್ಮೆಲೇ ಜಾರುತ್ತದೆ.

ಇದು ಎಳೆಗೆ ಎಳೆ. ಲೇಸರ್‌ನಿಂದ ಎಳೆಗೆ ಅಂದರೆ ಇನ್ನೂ ತಾಪತ್ರಯ. ಲೇಸರ್ ಚಿಪ್‌ನ ಬಾಯಲ್ಲಿ ಬೆಳಕಿನ ಚುಕ್ಕೆ ಒಂದೆರಡು ಮೈಕ್ರಾನ್ ಅಷ್ಟೇ, ಹೊರಗೆ ಬಂದ ಕೂಡಲೇ ಗಿಂಡಿಯಿಂದ ನೀರು ಚೆಲ್ಲಿದ ಹಾಗೆ ಹರಡುತ್ತದೆ. ನೇರವಾಗಿ ಎಳೆಯನ್ನು ಎದುರಿಗೆ ಹಿಡಿದರೆ ಬಹುಪಾಲು ವ್ಯರ್ಥ. ಅದಕ್ಕೇ ನಡುವೆ ಒಂದು ಲೆನ್ಸ್. ಅದು ಚುಕ್ಕೆಯನ್ನು, ನಾಲ್ಕು ಪಟ್ಟು ಅಂತ ಇಟ್ಟುಕೊಳ್ಳೋಣ, ದೊಡ್ಡದು ಮಾಡಿ ಎಳೆಯ ಬಾಯಿಗೆ ಹೊಂದಿಸುತ್ತದೆ. ಇಲ್ಲೇ ಎಡವಟ್ಟು. ಲೆನ್ಸ್ ಪಕ್ಕಕ್ಕೆ 1 ಮೈಕ್ರಾನ್ ಸರಿದರೆ ಆ ಕಡೆಯ ಚುಕ್ಕೆ 5 ಮೈಕ್ರಾನ್ ಸರಿಯುತ್ತದೆ. ನಾಲ್ಕು ಪಟ್ಟಿಗೆ ಒಂದು ಸೇರಿಸಿ, ಲೆಕ್ಕ ಅಷ್ಟೇ. 5 ಮೈಕ್ರಾನ್ ತಪ್ಪಿದರೆ ಮೂರರಲ್ಲಿ ಎರಡು ಪಾಲು ಬೆಳಕು ಹೋಯಿತು. ಲೇಸರ್‌ಗೆ ಜಾಸ್ತಿ ಬೆಲೆ ಕೊಡುತ್ತೇವೆ, ಫೈಬರ್ ಬಗ್ಗೆ ಭಾಷಣ ಮಾಡುತ್ತೇವೆ, ಆದರೆ ಇಡೀ ಜೋಡಣೆಯ ಜುಟ್ಟು ಹಿಡಿದಿರುವುದು ಕಡಲೆಕಾಳಿಗಿಂತ ಚಿಕ್ಕದಾದ ಆ ಲೆನ್ಸ್.

ಈಗ ಬೋರ್ಡ್ ಕಡೆಗೆ ಬರೋಣ. ನಮ್ಮ ಮೈಸೂರಿನಿಂದ ಅರ್ಧ ಗಂಟೆ ದಾರಿಯ ನಂಜನಗೂಡಿನಲ್ಲಿ ಬೋರ್ಡ್ ಮಾಡುವ ದೊಡ್ಡ ಕಾರ್ಖಾನೆ ಇದೆ. ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಗಳಲ್ಲೇ ಇರಬಹುದು, ಅವರಿಗೆ ಈ ಕ್ರಮ ಗೊತ್ತು. ಸ್ಟೆನ್ಸಿಲ್ ಇಟ್ಟು ಸೋಲ್ಡರ್ ಪೇಸ್ಟ್, ಅಂದರೆ ಬೆಸುಗೆ ಲೋಹದ ಸರಿ, ಎಳೆಯುವುದು, ಯಂತ್ರ ಬಿಡಿಭಾಗಗಳನ್ನು ಎತ್ತಿ ಎತ್ತಿ ಇಡುವುದು, ಪೇಸ್ಟ್ ಕರಗಿಸುವ ರಿಫ್ಲೋ ಓವನ್ ಒಳಗೆ ಕಳಿಸುವುದು. ಸೀಸ ಇಲ್ಲದ ಸೋಲ್ಡರ್ ಸುಮಾರು 217 ಡಿಗ್ರಿಗೆ ಕರಗುತ್ತದೆ, ಓವನ್ ಒಳಗೆ 245ರ ತನಕ ಏರಿಸುತ್ತೇವೆ. ಪ್ಲಾಸ್ಟಿಕ್ ಲೆನ್ಸ್ ಇರುವ ಬೋರ್ಡನ್ನು ಮರೆತು ಹಾಗೇ ಒಳಗೆ ಕಳಿಸಿದ್ದೇವೆ ಒಮ್ಮೆ. ಆಚೆ ಬಂದಾಗ ಲೆನ್ಸ್ ಬತ್ತಾಸಿನ ಹಾಗೆ ಕೂತಿತ್ತು.

ಆದರೆ ಕರಗಿದ ಸೋಲ್ಡರ್‌ಗೆ ಒಂದು ಒಳ್ಳೆಯ ಗುಣ ಇದೆ. ಬಿಡಿಭಾಗ ಸ್ವಲ್ಪ ಓರೆಯಾಗಿ ಕೂತಿದ್ದರೂ, ಕರಗಿದಾಗ ಮೇಲ್ಮೈ ಎಳೆತ ಅದನ್ನು ಬೋರ್ಡಿನ ಮೇಲಿನ ಲೋಹದ ಪ್ಯಾಡಿನ ನಡುವಿಗೆ ಎಳೆದು ತರುತ್ತದೆ. ಮೈಕ್ರೋಸ್ಕೋಪ್ ಕೆಳಗೆ ಅದನ್ನು ನೋಡಬೇಕು, ನಿದ್ದೆಯಲ್ಲಿ ಮಗು ಮಗ್ಗುಲಾಗುವ ಹಾಗೆ ಮೆಲ್ಲಗೆ ತಿರುಗಿ ಸರಿಯಾಗಿ ಕೂರುತ್ತದೆ. ಚಿಪ್ಪನ್ನು ಬೋರಲು ಹಾಕಿ ಸಣ್ಣ ಸೋಲ್ಡರ್ ಗುಂಡುಗಳ ಮೇಲೆ ಕೂರಿಸಿದರೆ ಒಂದೆರಡು ಮೈಕ್ರಾನ್ ಒಳಗೆ ತಾನೇ ಹೊಂದಿಕೊಳ್ಳುವಂತೆ ಮಾಡಬಹುದು. ಒಂದು ತುದಿಯ ಸೋಲ್ಡರ್ ಮೊದಲು ಕರಗಿದರೆ ಮಾತ್ರ ಅದೇ ಎಳೆತ ಬಿಡಿಭಾಗವನ್ನು ಲಗಾಟಿ ಹೊಡೆಸಿ ನೆಟ್ಟಗೆ ನಿಲ್ಲಿಸುತ್ತದೆ.

ಹೀಗೆ ಬೆಳಕು ಹಚ್ಚದೆ, ಬರೀ ಆಕಾರದ ಮೇಲೆ ನಂಬಿಕೆ ಇಟ್ಟು ಕೂರಿಸುವ ವಿಧಾನ ಒಂದು. ನಮ್ಮೂರಿನವರಿಗೆ ಇದು ಹೊಸದಲ್ಲ. ಬೀಟೆ ಮರದ ಮೇಲೆ ಚಿತ್ತಾರ ಕೂರಿಸುವವರನ್ನು ನೋಡಿ. ಮರದಲ್ಲಿ ಆನೆಯ ಆಕಾರಕ್ಕೇ ಗುಳಿ ತೋಡುತ್ತಾರೆ, ಆನೆ ಇನ್ನೆಲ್ಲೂ ಹೋಗುವ ಹಾಗಿಲ್ಲ. ಜಾಗ ತೀರ್ಮಾನ ಮಾಡುವುದು ಗುಳಿ, ಅಂಟಲ್ಲ. ಫೈಬರ್‌ಗೆ ಈ ಗುಳಿಯನ್ನು ಸಿಲಿಕಾನ್‌ನಲ್ಲಿ ತೋಡುತ್ತಾರೆ. ಸರಿಯಾದ ದಿಕ್ಕಿಗೆ ಕೊಯ್ದ ಸಿಲಿಕಾನ್ ಬಿಲ್ಲೆಯನ್ನು, ಒಂದು ಪಟ್ಟಿಯಷ್ಟು ಬಾಯಿ ಬಿಟ್ಟು ಉಳಿದದ್ದು ಮುಚ್ಚಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಕಿದರೆ ಅದು ಇಂಗ್ಲಿಷಿನ ವಿ ಅಕ್ಷರದಂಥ ಕಾಲುವೆ ಕೊರೆಯುತ್ತದೆ. ಕಾಲುವೆಯ ಗೋಡೆಯ ಕೋನ ಯಾವಾಗಲೂ 54.7 ಡಿಗ್ರಿ. ಉಳಿ ಹಿಡಿದವನ ಕೈಚಳಕ ಅಲ್ಲ ಅದು, ಹರಳಿನೊಳಗೆ ಪರಮಾಣುಗಳು ಕೂತಿರುವ ಸಾಲೇ ಹಾಗಿದೆ. ಬಾಯಿ ಎಷ್ಟು ಅಗಲ ಬಿಟ್ಟಿರಿ ಅನ್ನುವುದರಿಂದಲೇ ಎಳೆ ಎಷ್ಟು ಆಳಕ್ಕೆ ಕೂರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ನನಗೆ ಈ ಇಡೀ ವಿದ್ಯೆಯಲ್ಲಿ ತುಂಬ ಇಷ್ಟವಾದದ್ದು ಇದೇ.

ಇನ್ನೊಂದು ವಿಧಾನ ನಮ್ಮಪ್ಪನದು. ಲೇಸರ್ ಹಚ್ಚಿ, ಆಚೆ ತುದಿಯಲ್ಲಿ ಮೀಟರ್ ನೋಡುತ್ತಾ, ಲೆನ್ಸನ್ನು ಸರಿಸುತ್ತಾ ಹೋಗುವುದು. ಮೂರು ದಿಕ್ಕಿಗೆ ಸರಿಸುವುದು, ಮೂರು ಕಡೆಗೆ ವಾಲಿಸುವುದು, ಒಟ್ಟು ಆರು ಚಲನೆ. ಯಂತ್ರ ಮೊದಲು ರಂಗೋಲಿಯ ಸುರುಳಿಯ ಹಾಗೆ ಸುತ್ತುತ್ತಾ ಬೆಳಕಿನ ಜಾಡು ಹುಡುಕುತ್ತದೆ. ಜಾಡು ಸಿಕ್ಕ ಮೇಲೆ ಏರಿಕೆಯ ದಿಕ್ಕಿಗೆ ಹೆಜ್ಜೆ ಇಡುತ್ತದೆ. ಇದರಲ್ಲಿ ಒಂದು ಮೋಸ ಇದೆ. ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುವವರು ನಂದಿ ಹತ್ತಿರ ಬಂದಾಗ ಬೆಟ್ಟ ಮುಗೀತು ಅಂದುಕೊಳ್ಳುತ್ತಾರಲ್ಲ, ಹಾಗೆ ಯಂತ್ರವೂ ಪಕ್ಕದ ಚಿಕ್ಕ ಶಿಖರದಲ್ಲಿ ನಿಂತುಬಿಡುತ್ತದೆ. ಹತ್ತೂ ಕಡೆ ಸ್ವಲ್ಪ ದೂರ ಹೋಗಿ ನೋಡಿ ಬಾ ಅಂತ ಅದಕ್ಕೆ ಹೇಳಿಕೊಡಬೇಕು. ನಿಮ್ಮ ಜೇಬಿನ ಫೋನಿನ ಕ್ಯಾಮೆರಾ ಇದೆಯಲ್ಲ, ಅದರ ಲೆನ್ಸನ್ನೂ ಎಷ್ಟೋ ಕಡೆ ಹೀಗೇ ಚಿತ್ರ ನೋಡುತ್ತಾ ನೋಡುತ್ತಾ ಕೂರಿಸುತ್ತಾರೆ.

ಸರಿ, ಜಾಗ ಸಿಕ್ಕಿತು. ಈಗ ನಟ್ಟು ಬಿಗಿಯುವ ಹೊತ್ತು.

ನಮ್ಮ ನಟ್ಟು ಯುವಿ ಅಂಟು. ನೇರಳಾತೀತ ಬೆಳಕು ಬಿದ್ದರೆ ಕೆಲವೇ ಸೆಕೆಂಡಿಗೆ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ. ನೂರಕ್ಕೆ 2 ಪಾಲು ಕುಗ್ಗುವ ಅಂಟು ಅಂದರೆ ಅದು ಒಳ್ಳೆಯ ಅಂಟೇ. ಲೆನ್ಸಿನ ಕೆಳಗೆ ಅಂಟಿನ ದಪ್ಪ 100 ಮೈಕ್ರಾನ್ ಇದ್ದರೆ 2 ಮೈಕ್ರಾನ್ ಎಳೆಯುತ್ತದೆ. ಆಗಲೇ ಲೆಕ್ಕ ಹಾಕಿದ್ದೇವೆ, ಲೆನ್ಸ್ 2 ಮೈಕ್ರಾನ್ ಸರಿದರೆ ಕಥೆ ಮುಗಿಯಿತು. ಅದೇ ದಪ್ಪವನ್ನು 20 ಮೈಕ್ರಾನ್‌ಗೆ ಇಳಿಸಿದರೆ ಎಳೆತ 0.4 ಮೈಕ್ರಾನ್. ಗೆದ್ದಿರಿ. ಹಾಗಾಗಿ ಗಟ್ಟಿಯಾಗಿ ಹಿಡಿಯಲಿ ಅಂತ ಧಾರಾಳವಾಗಿ ಅಂಟು ಸುರಿಯುವ ಕೈ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಎರಡು ಪಕ್ಕದಲ್ಲಿ ಎರಡು ಹನಿ ಹಾಕಿದರೆ ಅವು ಒಂದೇ ಗಾತ್ರ ಇರಬೇಕು, ಇಲ್ಲದಿದ್ದರೆ ಲೆನ್ಸ್ ವಾಲುತ್ತದೆ. ಬೆಳಕನ್ನೂ ಎರಡೂ ಕಡೆಯಿಂದ ಒಟ್ಟಿಗೆ ಬಿಡಬೇಕು. ಹಪ್ಪಳವನ್ನು ಒಂದೇ ಮಗ್ಗುಲು ಕೆಂಡಕ್ಕೆ ಹಿಡಿದರೆ ಸುರುಳಿಕೊಳ್ಳುತ್ತದಲ್ವಾ? ಅಂಟೂ ಹಾಗೇ, ಮೊದಲು ಗಟ್ಟಿಯಾದ ಕಡೆಗೆ ಎಳೆಯುತ್ತದೆ. ಲೆನ್ಸಿನ ನೆರಳು ಬಿದ್ದ ಕಡೆ ಯುವಿ ತಲುಪುವುದೇ ಇಲ್ಲ, ಅಲ್ಲಿ ಅಂಟು ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೆ ಆಮೇಲೆ ಓವನ್‌ನಲ್ಲಿ ಬಿಸಿ ಕೊಟ್ಟು ಪೂರ್ತಿ ಮಾಡಬೇಕು. ಸಂಜೆ ಪಾಸಾದ ಮಾಡ್ಯೂಲ್‌ಗಳು ಬೆಳಿಗ್ಗೆ ಫೇಲ್ ಆದರೆ ನಾನು ಮೊದಲು ನೋಡುವುದು ಈ ನೆರಳಿನ ಜಾಗವನ್ನೇ.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಸರಿದೇ ಸರಿಯುತ್ತದೆ. ಆದರೆ ಪ್ರತಿ ಸಲ ಒಂದೇ ಕಡೆಗೆ, ಒಂದೇ ಅಳತೆಗೆ ಸರಿಯುವಂತೆ ಮಾಡಿದರೆ ಅಪ್ಪನ ಉಪಾಯ ನಡೆಯುತ್ತದೆ. ಅಷ್ಟು ಅಳತೆ ಮೊದಲೇ ಆಚೆಗೆ ಇಟ್ಟು ಅಂಟಿಸುವುದು. ಲೋಹದ ಡಬ್ಬಿಗಳನ್ನು ಲೇಸರ್‌ನಿಂದ ವೆಲ್ಡ್ ಮಾಡುವವರದು ಇನ್ನೂ ಚಂದ. ವೆಲ್ಡ್ ಆರುವಾಗ ಎಳೆದು ಓರೆಯಾಗುತ್ತದೆ. ಆಗ ಎದುರು ಮಗ್ಗುಲಿಗೆ ಇನ್ನೊಂದು ಚಿಕ್ಕ ವೆಲ್ಡ್ ಚುಕ್ಕೆ ಇಟ್ಟು ವಾಪಸ್ಸು ಎಳೆಸುತ್ತಾರೆ. ಬಡಗಿ ಸುತ್ತಿಗೆಯಲ್ಲಿ ಆ ಕಡೆ ಒಂದು, ಈ ಕಡೆ ಒಂದು ಮೆಲ್ಲಗೆ ತಟ್ಟುತ್ತಾನಲ್ಲ, ಥೇಟ್ ಅದೇ. ಇದಕ್ಕೆ ಅವರಿಟ್ಟ ಹೆಸರೂ ಲೇಸರ್ ಹ್ಯಾಮರಿಂಗ್.

ಕೊನೆಯ ವೈರಿ ಬೋರ್ಡೇ. ನಾವು ಬಳಸುವ ಹಸಿರು ಬೋರ್ಡ್ ಗಾಜಿನ ನಾರು ಮತ್ತು ಎಪಾಕ್ಸಿ ಸೇರಿಸಿ ಮಾಡಿದ್ದು. ಅದರ ಒಂದು ಸೆಂಟಿಮೀಟರ್ ಉದ್ದ 50 ಡಿಗ್ರಿ ಬಿಸಿಯಾದರೆ 7-8 ಮೈಕ್ರಾನ್ ಹಿಗ್ಗುತ್ತದೆ. ಅಷ್ಟೇ ಉದ್ದದ ಫೈಬರ್ ಗಾಜು ಹಿಗ್ಗುವುದು ಸುಮಾರು ಕಾಲು ಮೈಕ್ರಾನ್ ಮಾತ್ರ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿ ಪಕ್ಕ ನಿಂತ ಕಬ್ಬಿಣದ ಡಬ್ಬಿಯೊಳಗೆ ಈ ಇಬ್ಬರನ್ನು ಒಟ್ಟಿಗೆ ಕಟ್ಟಿಹಾಕಿದರೆ ಜಗಳ ಗ್ಯಾರಂಟಿ.

ನನ್ನದೇ ಒಂದು ಅವಮಾನದ ಪ್ರಸಂಗ ಇದೆ. ಆಗ ನಾನಿದ್ದ ಕಂಪನಿಯಲ್ಲಿ ಒಂದು ಬೋರ್ಡ್ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಪೆಟ್ಟಿಗೆಯೊಳಗೆ ಹಾಕಿದರೆ ಬೆಳಕು ಅರ್ಧ. ಹೊರಗೆ ತೆಗೆದರೆ ಮತ್ತೆ ಸರಿ. ಎರಡು ವಾರ ಲೇಸರ್ ಬೈದೆ, ಲೆನ್ಸ್ ಬೈದೆ, ಅಂಟು ಕಳಿಸಿದವರನ್ನೂ ಬೈದೆ. ಕೊನೆಗೆ ಪ್ಯಾಕಿಂಗ್ ಸೆಕ್ಷನ್‌ನ ಹೆಣ್ಣುಮಗಳೊಬ್ಬಳು, ‘ಸರ್, ನಾಲ್ಕನೇ ಸ್ಕ್ರೂ ಹಾಕುವಾಗ ಬೋರ್ಡು ಕಿರ್ ಅನ್ನುತ್ತೆ’ ಅಂದಳು. ಪೆಟ್ಟಿಗೆಯ ನಾಲ್ಕು ಕಂಬಗಳಲ್ಲಿ ಒಂದು ಸ್ವಲ್ಪ ಗಿಡ್ಡ ಇತ್ತು. ಬಿಗಿ ಮಾಡಿದಾಗ ಬೋರ್ಡ್ ಬಾಗುತ್ತಿತ್ತು, ಲೇಸರ್ ಒಂದು ಕಡೆ, ಲೆನ್ಸ್ ಇನ್ನೊಂದು ಕಡೆ ನೋಡುತ್ತಿದ್ದವು. ಮತ್ತೆ ಅದೇ ನಟ್ಟು!

ಅವತ್ತಿನಿಂದ ನಾನು ಲೇಸರ್ ಮತ್ತು ಲೆನ್ಸನ್ನು ನೇರವಾಗಿ ಬೋರ್ಡಿಗೆ ಅಂಟಿಸುವುದನ್ನು ಆದಷ್ಟು ತಪ್ಪಿಸಿದೆ. ಅವೆರಡಕ್ಕೂ ಸಿರಾಮಿಕ್‌ದೋ ಸಿಲಿಕಾನ್‌ದೋ ಒಂದು ಚಿಕ್ಕ ಮಣೆ ಹಾಕಿ ಕೂರಿಸಬೇಕು. ಹಿಗ್ಗಿದರೂ ಕುಗ್ಗಿದರೂ ಅವು ಒಟ್ಟಿಗೆ. ಬೋರ್ಡಿಗೂ ಆ ಮಣೆಗೂ ನಡುವೆ ಬಾಗುವ ಫ್ಲೆಕ್ಸ್ ಪಟ್ಟಿ ಮಾತ್ರ. ಸೊಸೆಗೂ ಅತ್ತೆಗೂ ಬೇರೆ ಮನೆ ಮಾಡಿಕೊಟ್ಟು ಫೋನ್ ಇಟ್ಟುಕೊಟ್ಟ ಹಾಗೆ. ಈಗ ಡೇಟಾ ಸೆಂಟರ್‌ಗಳಲ್ಲಿ ವೇಗ ಜಾಸ್ತಿಯಾಗಿ, ತಾಮ್ರದ ಗೆರೆಗಳಲ್ಲಿ ಸಿಗ್ನಲ್ ಸೊರಗುತ್ತಿದೆ. ಅದಕ್ಕೆ ಬೆಳಕಿನ ಭಾಗಗಳನ್ನು ಮುಖ್ಯ ಚಿಪ್ಪಿನ ಪಕ್ಕಕ್ಕೇ ತಂದು ಕೂರಿಸುತ್ತಿದ್ದಾರೆ. ಆದರೂ ಲೇಸರನ್ನು ಮಾತ್ರ ಎಷ್ಟೋ ಸಲ ದೂರವೇ ಇಡುತ್ತಾರೆ, ಆ ಚಿಪ್ಪಿನ ಕಾವು ಅದಕ್ಕೆ ಆಗುವುದಿಲ್ಲ.

ಮಾತು ಸಾಕು. ಆ ಮೇಜಿನ ಮೇಲೆ ಒಂದು ಕೆಂಪು ಲೇಸರ್, ಒಂದು ಲೆನ್ಸ್, 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಫೈಬರ್ ಇಟ್ಟಿದ್ದೇನೆ. ಆಚೆ ತುದಿಗೆ ಫೋಟೋಡಯೋಡ್, ಅದಕ್ಕೆ ನಿಮ್ಮ ಲ್ಯಾಬಿನ ಮಲ್ಟಿಮೀಟರ್. ಕೆಂಪು ಬೆಳಕು ಕಾಣುತ್ತದೆ ಅಂತ ಧೈರ್ಯ ಮಾಡಿ ಲೇಸರ್ ಒಳಗೆ ಇಣುಕಬೇಡಿ. ಟೆಲಿಕಾಂ ಲೇಸರ್ ಇನ್ನೂ ಮೋಸ. ಟಿವಿ ರಿಮೋಟಿನ ಬೆಳಕು ಫೋನ್ ಕ್ಯಾಮೆರಾದಲ್ಲಿ ಕಾಣುತ್ತದೆ, 1310 ಅದರಲ್ಲೂ ಕಾಣುವುದಿಲ್ಲ. ಇಬ್ಬಿಬ್ಬರು ಬನ್ನಿ. ಒಬ್ಬರು ತಿರುಪು ತಿರುಗಿಸಿ, ಇನ್ನೊಬ್ಬರು ಮೀಟರ್ ನೋಡಿ ಕೂಗಿ ಹೇಳಿ. ಮೀಟರ್ ಗರಿಷ್ಠಕ್ಕೆ ಬಂದಾಗ ಅಂಕಿ ಬರೆದುಕೊಳ್ಳಿ. ಆಮೇಲೆ ಲೆನ್ಸ್ ಹಿಡಿದಿರುವ ಸ್ಕ್ರೂ ಬಿಗಿ ಮಾಡಿ, ಮತ್ತೆ ಬರೆದುಕೊಳ್ಳಿ.