ಹೊಲಿಗೆಯ ಗೆರೆಯಿಂದ ಹುಟ್ಟಿದ ಹೆಸರು

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ನಮ್ಮ ಅಮ್ಮನ ಹಳೆಯ ರೇಷ್ಮೆ ರವಿಕೆ. ಅದನ್ನು ಒಳಮಗ್ಗುಲು ಕಾಣುವಂತೆ ತಿರುಗಿಸಿ ಹಿಡಿದಿದ್ದೇನೆ. ತೋಳು ಬಂದು ಮೈಗೆ ಸೇರುವಲ್ಲಿ ಎರಡು ಅಂಚುಗಳನ್ನು ಒಂದು ಮಾಡಿರುವ ಈ ಹೊಲಿಗೆಯ ಗೆರೆಗೆ ಫ್ರೆಂಚಿನಲ್ಲಿ 'ಕೂತ್ಯೂರ್' ಎನ್ನುತ್ತಾರೆ. ಪ್ಯಾರಿಸ್ಸಿನ ಹೆಸರಾಂತ ವಸ್ತ್ರವಿನ್ಯಾಸಕರಿಗೆ ಸಲ್ಲುವ 'ಕೂತ್ಯೂರಿಯೇ' ಎಂಬ ಪದ ಹುಟ್ಟಿದ್ದು ಇದರಿಂದಲೇ. ಆ ಪದದಲ್ಲಿ ವಿನ್ಯಾಸ ಎಂಬ ಅರ್ಥವೇ ಇಲ್ಲ, ಇರುವುದು ಹೊಲಿಗೆ ಮಾತ್ರ ಎಂಬುದು ನನಗೆ ಬಹಳ ಹಿಡಿಸಿತು.

ಇದರ ಹಿಂದಿರುವ ಲ್ಯಾಟಿನ್ ಕ್ರಿಯಾಪದ 'ಕೊನ್ಸುಎರೆ', ಅಂದರೆ ಕೂಡಿಸಿ ಹೊಲಿಯುವುದು. ಅದರೊಳಗಿನ 'ಸುಎರೆ'ಯೂ ಸಂಸ್ಕೃತದ 'ಸಿವ್' ಧಾತುವೂ ಒಂದೇ ಬೇರಿನಿಂದ ಒಡೆದ ಚಿಗುರುಗಳು.

ಈ ಹೆಸರನ್ನು ಮೊದಲು ಹೊತ್ತು ದುಡಿದವರಲ್ಲಿ ಹೆಂಗಸರೇ ಮುಖ್ಯರು. 17ನೇ ಶತಮಾನದ ಪ್ಯಾರಿಸ್ಸಿನಲ್ಲಿ ಉಡುಪು ತಯಾರಿಸುವ ಹಕ್ಕು ಗಂಡಸರಾದ ದರ್ಜಿಗಳ ಸಂಘದ ಕೈಯಲ್ಲಿತ್ತು. 'ಕೂತ್ಯೂರಿಯೇರ್' ಎನಿಸಿಕೊಂಡ ಹೊಲಿಗೆಯ ಹೆಂಗಸರು ಕದ್ದುಮುಚ್ಚಿ ಕೆಲಸ ಮಾಡಬೇಕಿತ್ತು. 1675ರಲ್ಲಿ 14ನೇ ಲೂಯಿ ದೊರೆ ಅವರಿಗೆ ಪ್ರತ್ಯೇಕ ಸಂಘವನ್ನು ಮಂಜೂರು ಮಾಡಿದಾಗ, ಹೆಂಗಸರ ಮತ್ತು ಎಳೆಯ ಮಕ್ಕಳ ಬಟ್ಟೆಗಳನ್ನು ರಾಜಾರೋಷವಾಗಿ ಹೊಲಿಯುವ ಅಧಿಕಾರ ಅವರಿಗೆ ದೊರೆಯಿತು. ಈ ಹೆಂಗಸರನ್ನು ನೆನೆಯದೆ ಪದದ ಕಥೆ ಹೇಳುವುದು ನ್ಯಾಯವಲ್ಲ ಎಂದೇ ನಾನು ಭಾವಿಸುತ್ತೇನೆ.

ಪುಲ್ಲಿಂಗ ರೂಪಕ್ಕೆ ಇಂದಿನ ಮೆರುಗು ಬಂದದ್ದು 19ನೇ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲುದಾರನೊಬ್ಬನೊಂದಿಗೆ ಮಳಿಗೆ ತೆರೆದು, ಗಿರಾಕಿ ಹೇಳಿದಂತೆ ಹೊಲಿದುಕೊಡುವ ಬದಲು ತಾನೇ ರೂಪಿಸಿದ ಉಡುಪುಗಳನ್ನು ಮುಂದಿಟ್ಟು, ಅವುಗಳಿಂದ ಆರಿಸಿಕೊಳ್ಳುವ ಪದ್ಧತಿಯನ್ನು ಬಳಕೆಗೆ ತಂದರು; ಸಾಮ್ರಾಜ್ಞಿ ಯೂಜಿನಿಯೇ ಅವರ ಗಿರಾಕಿಯಾದರು. 'ಉನ್ನತ ಹೊಲಿಗೆ' ಎಂಬ ಅರ್ಥದ 'ಓತ್ ಕೂತ್ಯೂರ್' ಎಂಬ ಹೆಸರಿಗೆ ಫ್ರಾನ್ಸಿನಲ್ಲಿ 1945ರಿಂದ ಕಾನೂನಿನ ರಕ್ಷಣೆಯಿದೆ. ಮಾನ್ಯತೆ ಪಡೆಯದ ಸಂಸ್ಥೆಗಳು ಅದನ್ನು ಬಳಸುವಂತಿಲ್ಲ.

ಇಂಗ್ಲಿಷಿನ 'ಟೈಲರ್' ಕೂಡ ಫ್ರೆಂಚ್ ಮೂಲದ್ದೇ, ಆದರೆ ಅದರ ಅರ್ಥ ಕತ್ತರಿಸುವವನು. ನಮ್ಮ 'ದರ್ಜಿ' ಮಾತ್ರ 'ಕೂತ್ಯೂರಿಯೇ'ಗೆ ತೀರ ಹತ್ತಿರದ ಪದ: ಪಾರಸಿಯಲ್ಲಿ 'ದರ್ಜ್' ಎಂದರೆ ಎರಡು ಬಟ್ಟೆಗಳು ಕೂಡುವ ಗೆರೆ, ಈಗ ನನ್ನ ಹೆಬ್ಬೆರಳಿನ ಕೆಳಗಿರುವ ಇದೇ ಗೆರೆ.

ವರ್ತ್ ತಮ್ಮ ಉಡುಪುಗಳ ಒಳಗೆ ಹೆಸರಿನ ಪಟ್ಟಿಯನ್ನು ಹೊಲಿಸುತ್ತಿದ್ದರು. ಅಮ್ಮನ ರವಿಕೆಯಲ್ಲಿ ಅಂಥ ಪಟ್ಟಿಯಿಲ್ಲ. ಮುಂದೆ ಸಡಿಲಿಸಿಕೊಳ್ಳಲೆಂದು ದರ್ಜಿ ಒಳಗೆ ಬಿಟ್ಟ ಒಂದು ಬೆರಳಗಲದ ಬಟ್ಟೆಯಿದೆ.